ದೇವರ ಫೋಲ್ಡರ್

2025ರ ಜುಲೈ 8, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಲಸ ಶುರು ಮಾಡಿದೆ. ಡೈರಿಯಲ್ಲಿ ಹಾಗೇ ಇದೆ. ಅದರ ಕೆಳಗೆ ‘ಇನ್ನು ಮುಂದೆ ಯಾರೂ ಬಸ್‌ಸ್ಟ್ಯಾಂಡಿಗೆ ಓಡಬೇಕಾಗಿಲ್ಲ’ ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದೇನೆ. ಆ ವರ್ಷ ನಾನು ಅಡಿಗೆರೆ ಎಳೆದ ಮಾತುಗಳನ್ನೆಲ್ಲ ಈಗ ತಿರುವಿ ನೋಡಿದರೆ ನಿಜವಾದದ್ದು ಅದೊಂದೇ.

ನಾನು ಕೆಲಸಕ್ಕಿರುವುದು ಚಿತ್ರದುರ್ಗದ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ. ನಾಮಕರಣ, ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಕೊನೆಗೆ ಶ್ರದ್ಧಾಂಜಲಿ. ಮನುಷ್ಯ ಬಂದದ್ದನ್ನೂ ಹೋದದ್ದನ್ನೂ ಆರಡಿ ನಾಲ್ಕಡಿ ಅಳತೆಯಲ್ಲಿ ಅಚ್ಚು ಹಾಕಿ ಕೊಡುವ ಉದ್ಯೋಗ ನಮ್ಮದು. ದೊಡ್ಡ ಮೆಷಿನ್ ಇರುವುದು ದುರ್ಗದಲ್ಲಿ ಮಾತ್ರ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮ್ಮವೇ ಒಂದೊಂದು ಸಣ್ಣ ಅಂಗಡಿಗಳಿವೆ. ಗ್ರಾಹಕರನ್ನು ಎದುರಿಗೆ ಕೂರಿಸಿಕೊಂಡು ಡಿಸೈನ್ ಮಾಡುವುದು ಅಲ್ಲಿ, ಅಚ್ಚಾಗುವುದು ಇಲ್ಲಿ. ಫೈಲುಗಳು ದೊಡ್ಡವು, ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಮದುಮಗಳ ಮುಖ ಮಸುಕಾಗಿ ಬರುತ್ತದೆ. ಆದ್ದರಿಂದ ಡಿಸೈನನ್ನು ಪೆನ್‌ಡ್ರೈವ್‌ಗೆ ಹಾಕಿ, ಪೆನ್‌ಡ್ರೈವನ್ನು ಹಳೆಯ ಲಗ್ನಪತ್ರಿಕೆ ಕವರಿನಲ್ಲಿಟ್ಟು, ಕವರನ್ನು ದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಪದ್ಧತಿಯಾಗಿತ್ತು. ಕಂಡಕ್ಟರುಗಳು ಕವರನ್ನು ಜೋಪಾನವಾಗಿ ತರುತ್ತಿದ್ದರು, ನಮಗೆ ಕೊಡುವುದನ್ನು ಮಾತ್ರ ಆಗಾಗ ಮರೆಯುತ್ತಿದ್ದರು. ಹೊಸದುರ್ಗದ ಒಂದು ಸೀಮಂತ ದಾವಣಗೆರೆಗೆ ಹೋಗಿ ಮಾರನೇ ದಿನ ವಾಪಸ್ ಬಂದಿತ್ತು.

ಡಿಪ್ಲೊಮಾ ಓದಿದವಳು ಎಂಬ ಕಾರಣಕ್ಕೆ ಇದನ್ನು ಸರಿಮಾಡುವ ಕೆಲಸ ನನಗೆ ಬಂತು. ನಾನು ಮಾಡಿದ ವ್ಯವಸ್ಥೆ ಸರಳ. ಮೂರೂ ಅಂಗಡಿಗಳ ಕಂಪ್ಯೂಟರಿನಲ್ಲಿ ‘ಪ್ರಿಂಟಿಗೆ’ ಎಂಬ ಒಂದು ಫೋಲ್ಡರ್. ಅದರೊಳಗೆ ಫೈಲ್ ಹಾಕಿ ಕೈ ತೊಳೆದುಕೊಳ್ಳಬಹುದು. ಹತ್ತು ನಿಮಿಷಕ್ಕೊಮ್ಮೆ ಒಂದು ಪ್ರೋಗ್ರಾಂ ಎದ್ದು ಇಣುಕಿ ನೋಡಿ, ಹೊಸದೇನಿದ್ದರೂ ಕ್ಲೌಡ್‌ಗೆ, ಅಂದರೆ ಎಲ್ಲೋ ದೂರದಲ್ಲಿರುವ ಬಾಡಿಗೆ ಜಾಗಕ್ಕೆ, ಏರಿಸುತ್ತದೆ. ದುರ್ಗದಲ್ಲಿ ಇನ್ನೊಂದು ಪ್ರೋಗ್ರಾಂ ಅದನ್ನು ಅಲ್ಲಿಂದ ಇಳಿಸಿಕೊಂಡು ಮೆಷಿನ್ ಪಕ್ಕದ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಅಂಗಡಿಗಳವರು ಈ ಕ್ಲೌಡ್‌ಗೆ ಒಂದೇ ವಾರದಲ್ಲಿ ‘ಮೇಲೆ’ ಎಂದು ಹೆಸರಿಟ್ಟರು. “ಮೇಲೆ ಹೋಯ್ತಾ?” “ಹೋತು.” ಮೊದಲ ತಿಂಗಳ ಲೆಕ್ಕ ನನ್ನಲ್ಲಿದೆ: ಕಳಿಸಿದ ಫೈಲುಗಳು 312, ನಿಂತು ಹೋದವು 4. ಆ ನಾಲ್ಕರಲ್ಲಿ ಮೂರು, ಹೊಳಲ್ಕೆರೆಯವರು ಮೊಬೈಲ್ ಚಾರ್ಜಿಗೆಂದು ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ ಕಿತ್ತಾಗ.

ಹೊಸದುರ್ಗದ ಅಂಗಡಿಯನ್ನು ನಡೆಸುವವರು ನಲವತ್ತು ದಾಟಿದ ಹೆಂಗಸು. ನಾವೆಲ್ಲ ಅಕ್ಕ ಎನ್ನುತ್ತೇವೆ. ಕುರಿ ಸಾಕುವ ಮನೆತನದವರು. ಗಂಡ ಮಂದೆಯ ಹಿಂದೆ ಊರೂರು ತಿರುಗುವಾಗ ಮನೆಯಲ್ಲಿ ಉಳಿದ ಮರಿಗಳ ಆರೈಕೆ ಇವರದು. ಮರಿಗಳಿಗೆ ಹಾಲು ಕುಡಿಸಿ ಬಂದು ಅಂಗಡಿಯ ಬಾಗಿಲು ತೆಗೆಯುತ್ತಾರೆ, ಸಂಜೆ ಮರಿಗಳ ಹೊತ್ತಿಗೆ ಮುಚ್ಚುತ್ತಾರೆ. ಮೊದಲೆರಡು ವಾರ ಅವರು ಎಲ್ಲವನ್ನೂ ಮೇಲೂ ಕಳಿಸಿದರು, ಬಸ್ಸಿಗೂ ಕೊಟ್ಟರು. ಒಂದು ಗೃಹಪ್ರವೇಶ ಎರಡೆರಡು ಸಲ ಅಚ್ಚಾಯಿತು. ಆ ಮನೆಯವರು ಬೇಜಾರು ಮಾಡಿಕೊಳ್ಳದೆ ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ಕಟ್ಟಿದರು.

ಅಕ್ಕನ ಕಂಪ್ಯೂಟರಿನಲ್ಲಿ ಇನ್ನೊಂದು ಆಸ್ತಿಯಿತ್ತು. ನಮ್ಮ ಕಡೆ ಯಾವ ಫ್ಲೆಕ್ಸ್ ಆದರೂ ನೆತ್ತಿಯ ಮೇಲೆ ಮನೆದೇವರು ಇರಲೇಬೇಕು. ಮದುಮಗನ ಮುಖ ಸ್ವಲ್ಪ ಕಪ್ಪಾದರೆ ನಡೆಯುತ್ತದೆ, ಮನೆದೇವರು ಬೇರೆಯಾದರೆ ನಡೆಯುವುದಿಲ್ಲ. ಊರಿಗೊಬ್ಬ ಕರಿಯಮ್ಮ, ಒಬ್ಬಳಿಗೆ ಬೆಳ್ಳಿಯ ಕಣ್ಣು, ಮತ್ತೊಬ್ಬಳಿಗೆ ಹಿತ್ತಾಳೆಯ ಮುಖವಾಡ. ಒಂದು ಹಟ್ಟಿಯ ಜುಂಜಪ್ಪನಿಗೆ ಪೇಟ ಉಂಟು, ಪಕ್ಕದ ಹಟ್ಟಿಯವನಿಗೆ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ದೇವರುಗಳು ಯಾರ ಮನೆಯವೂ ಅಲ್ಲ. ಅಕ್ಕ ವರ್ಷಗಳಿಂದ ಗ್ರಾಹಕರ ಮೊಬೈಲಿನಲ್ಲಿದ್ದ ದೇವರುಗಳನ್ನು ಇಸಿದುಕೊಂಡು, ಹಿಂದೆ ಕಾಣುವ ಟ್ಯೂಬ್‌ಲೈಟು, ಪೂಜಾರಿಯ ಮೊಣಕೈ, ಗಂಟೆಯ ಹಗ್ಗ ಎಲ್ಲವನ್ನೂ ಕತ್ತರಿಸಿ ತೆಗೆದು, ಅಂಚು ನಯ ಮಾಡಿ ಇಟ್ಟಿದ್ದರು. ‘ದೇವರು’ ಎಂದೇ ಫೋಲ್ಡರಿನ ಹೆಸರು. ಒಟ್ಟು 214. ಹಿರಿಯೂರಿನವರಿಗೂ ಹೊಳಲ್ಕೆರೆಯವರಿಗೂ ದೇವರು ಬೇಕಾದಾಗ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಅಕ್ಕ ಮನಸ್ಸು ಬಂದರೆ ಕೊಡುತ್ತಿದ್ದರು, ಇಲ್ಲದಿದ್ದರೆ “ಕರೆಂಟಿಲ್ಲ” ಎನ್ನುತ್ತಿದ್ದರು.

ಇದನ್ನು ಕೇಳಿದ ನಮ್ಮ ಯಜಮಾನರು ನನ್ನನ್ನು ಕರೆದರು. “ಏನಮ್ಮ, ಫೈಲು ತಾನಾಗೇ ಓಡಾಡ್ತಾವೆ ಅಂದ್ಮೇಲೆ ದೇವರೂ ಓಡಾಡ್ಲಿ. ಎಲ್ಲಾರಿಗೂ ಎಲ್ಲಾ ಇರ್ಬೇಕು. ಒಂದ್ಕಡೆ ಹಾಕಿದ್ದು ನಾಕೂ ಕಡೆ ಬರ್ಬೇಕು, ಒಂದ್ಕಡೆ ತೆಗೆದ್ರೆ ನಾಕೂ ಕಡೆ ಹೋಗ್ಬೇಕು. ಜಾಗ ಸುಮ್ಮನೆ ತಿನ್ಬಾರ್ದು.” ಆಮೇಲೆ ಟೀ ಲೋಟ ಕೆಳಗಿಟ್ಟು, “ಅದಾದ್ರೆ ಹೊಸದುರ್ಗದಾಗೆ ಒಂದು ಅಂಗಡಿ ಯಾಕೆ ಬೇಕು? ಆಯಮ್ಮ ಇಲ್ಲೇ ಬಂದು ಕುಂತ್ಕಳ್ಲಿ” ಎಂದರು.

ಆಯಮ್ಮ ಬಂದು ಕೂರುವಂತಿರಲಿಲ್ಲ. ಹೊಸದುರ್ಗದಿಂದ ಬಂದು ಹೋಗುವುದರಲ್ಲೇ ಮರಿಗಳ ಎರಡು ಹೊತ್ತೂ ದಾಟಿಹೋಗುತ್ತದೆ. ಅಂಗಡಿ ಮುಚ್ಚಿದರೆ ಅಕ್ಕನ ಕೆಲಸವೂ ಮುಗಿದಂತೆ. ಇದು ಅಕ್ಕನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆಗಸ್ಟ್ 21ರ ಗುರುವಾರ ನಾನು ಹೊಸದುರ್ಗಕ್ಕೆ ಹೋಗಿ ಅಕ್ಕನ ಕುರ್ಚಿಯಲ್ಲೇ ಕೂತು ಆ ಜೋಡಣೆ ಮಾಡಿದೆ. ಅಕ್ಕ ನನಗೆ ಮಂಡಕ್ಕಿ ತರಿಸಿಕೊಟ್ಟು ಪಕ್ಕದಲ್ಲಿ ನಿಂತಿದ್ದರು.

“ನನ್ನ ದೇವರ್ನೆಲ್ಲಾ ಕಂಡೋರ ಮನೆಗೆ ಕಳಿಸ್ತಿದ್ದೀಯ. ಖಾರ ಸಾಕಾ ಮಂಡಕ್ಕಿಗೆ?”

“ಕಳಿಸ್ತಿಲ್ಲಕ್ಕ, ಇಲ್ಲೂ ಇರ್ತವೆ, ಅಲ್ಲೂ ಇರ್ತವೆ. ಕಳೆಯೋ ಮಾತೇ ಇಲ್ಲ.”

‘ಕಳೆಯೋ ಮಾತೇ ಇಲ್ಲ’ ಎಂಬುದನ್ನೂ ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ.

ಸೆಪ್ಟೆಂಬರಿನಲ್ಲಿ ಮೇಲಿನ ಜಾಗ ತುಂಬುತ್ತ ಬಂತು. ಹೆಚ್ಚಿಗೆ ಜಾಗ ಕೊಳ್ಳಲು ಯಜಮಾನರು ಒಪ್ಪಲಿಲ್ಲ. ಅಳಿಸಿದ ಫೈಲುಗಳು ಮೇಲಿನ ಕಸದ ಬುಟ್ಟಿಯಲ್ಲಿ ಕೆಲವು ದಿನ ಬಿದ್ದಿರುತ್ತವೆ, ಜಾಗವನ್ನೂ ತಿನ್ನುತ್ತವೆ. ದಿನಾ ಸಂಜೆ ಆರಕ್ಕೆ ಆ ಬುಟ್ಟಿ ತಾನಾಗಿ ಖಾಲಿಯಾಗುವಂತೆ ನಾನು ಇನ್ನೊಂದು ನಿಯಮ ಹಾಕಿದೆ. ಯಜಮಾನರು ಮೆಚ್ಚಿ, ಇಂಥ ಅಚ್ಚುಕಟ್ಟು ಎಲ್ಲರಿಗೂ ಬರಬೇಕು ಎಂದರು.

ಬಂತು. ಸೆಪ್ಟೆಂಬರ್ 30, ಆಯುಧಪೂಜೆಯ ಹಿಂದಿನ ದಿನ. ನಾಲ್ಕೂ ಅಂಗಡಿಗಳಲ್ಲಿ ನೆಲ ತೊಳೆದರು, ಜೇಡ ತೆಗೆದರು, ಮಾನಿಟರ್ ಒರೆಸಿ ವಿಭೂತಿ ಬಳಿದರು. ಮಾರನೇ ದಿನ ಕುಂಬಳಕಾಯಿ ಒಡೆದು, ಕೀಬೋರ್ಡಿಗೆ ಕುಂಕುಮ ಇಟ್ಟು, ಮಂಡಕ್ಕಿ ಹಂಚಿ ಬಾಗಿಲು ಹಾಕಿದರು. ಮೂರನೇ ತಾರೀಖು ಶುಕ್ರವಾರ ಬಾಗಿಲು ತೆಗೆದಾಗ ನನ್ನ ಫೋನ್ ಬಡಿದುಕೊಂಡಿತು. ಹೊಸದುರ್ಗದಿಂದ ಅಕ್ಕ.

“ಏನವ್ವ, ನನ್ನ ದೇವರೆಲ್ಲಿ?”

“ಫೋಲ್ಡರ್ ನೋಡಕ್ಕ.”

“ಫೋಲ್ಡರ್ ಐತೆ ಕಣವ್ವ. ಗುಡಿ ಐತೆ, ದೇವರಿಲ್ಲ.”

ದುರ್ಗದ ಕಂಪ್ಯೂಟರಿನಲ್ಲೂ ಗುಡಿ ಖಾಲಿ. ಹೊಳಲ್ಕೆರೆಯಲ್ಲೂ ಖಾಲಿ. ಹಿರಿಯೂರಿಗೆ ಫೋನ್ ಮಾಡಿದೆ. ಅಲ್ಲಿನ ಅಂಗಡಿ ನೋಡಿಕೊಳ್ಳುವ ಅಣ್ಣ ಹಬ್ಬದ ಉತ್ಸಾಹದಲ್ಲೇ ಇದ್ದರು.

“ಈ ಸಲ ಪೂಜೆಗೆ ಕಂಪ್ಯೂಟರ್ ಹೊರಗೂ ಕ್ಲೀನು, ಒಳಗೂ ಕ್ಲೀನು ತಂಗಿ. ಹಳೇ ಫೈಲೆಲ್ಲಾ ತೆಗೆದಾಕಿದೆ. ಈಗ ಹೆಂಗೆ ಓಡ್ತೈತೆ ಗೊತ್ತಾ, ಎಳೇ ಹೋರಿ ಓಡಿದಂಗೆ!”

“ದೇವರ ಫೋಲ್ಡರೂ ತೆಗೆದ್ರಾ ಅಣ್ಣ?”

“ಹೂಂ ಮತ್ತೆ. ಮೇಲೆ ಐತೆ ಅಂತ ನೀನೇ ಅಲ್ವಾ ಹೇಳಿದ್ದು? ಮೇಲೆ ಇದ್ಮೇಲೆ ಇಲ್ಯಾಕೆ?”

“ರೀಸೈಕಲ್ ಬಿನ್ನಲ್ಲಿ ಇರ್ತಾವೆ, ಮುಟ್ಟಬೇಡ್ರಿ.”

“ಏ, ಅದನ್ನೂ ಖಾಲಿ ಮಾಡಿದೆ. ಕಸದ ಬುಟ್ಟೀಲಿ ಕಸ ಇಟ್ಕಂಡು ಯಾರಾದ್ರೂ ಪೂಜೆ ಮಾಡ್ತಾರಾ?”

ಪ್ರೋಗ್ರಾಂ ಬರೆದಿಟ್ಟ ವರದಿಯನ್ನು ತೆಗೆದು ಓದಿದೆ. ಹಿರಿಯೂರಿನಲ್ಲಿ ಅಳಿಸಿದ್ದು ಸಂಜೆ ನಾಲ್ಕರ ಸುಮಾರಿಗೆ. ಇಪ್ಪತ್ತು ನಿಮಿಷದೊಳಗೆ ಆ ಅಳಿಸುವಿಕೆ ಮೇಲೆ ಏರಿ, ಉಳಿದ ಮೂರೂ ಊರುಗಳಿಗೆ ಇಳಿದು, 214 ದೇವರುಗಳನ್ನೂ ಒಂದೂ ಬಿಡದೆ, ರೀಸೈಕಲ್ ಬಿನ್ನಿಗೂ ಹಾಕದೆ ತೆಗೆದುಹಾಕಿತ್ತು. ಅದುವರೆಗೆ ಅಷ್ಟು ಸುಸೂತ್ರವಾಗಿ ಆ ಪ್ರೋಗ್ರಾಂ ಯಾವ ಕೆಲಸವನ್ನೂ ಮಾಡಿರಲಿಲ್ಲ. ಹೊಳಲ್ಕೆರೆಯವರು ಕೂಡ ಆ ದಿನ ಪ್ಲಗ್ ಕಿತ್ತಿರಲಿಲ್ಲ. ಆರು ಗಂಟೆಗೆ ಮೇಲಿನ ಬುಟ್ಟಿಯನ್ನು ನನ್ನ ನಿಯಮ ಖಾಲಿ ಮಾಡಿತು. ವರದಿಯ ಕೊನೆಯ ಸಾಲು: ‘ತಪ್ಪುಗಳು: 0’.

ಅಳಿಸಿದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಮನ್ನು ಹಿರಿಯೂರಿಗೆ ತೆಗೆದುಕೊಂಡು ಹೋಗಿ ಒಂದಿಡೀ ದಿನ ಓಡಿಸಿದೆ. ಮೂವತ್ತು ನಲವತ್ತು ಚಿತ್ರಗಳು ಎದ್ದು ಬಂದವು. ದೇವರ ಹೆಸರಿನಲ್ಲಿ ಸಿಕ್ಕಿದ್ದು ಒಂದು ಕಿರೀಟ ಮತ್ತು ಎರಡು ಪಾದ, ಅವೂ ಒಬ್ಬರವಲ್ಲ. ಹುಟ್ಟುಹಬ್ಬದ ಫ್ಲೆಕ್ಸಿಗೆಂದು ಇಟ್ಟಿದ್ದ ಮರಿ ಪುಢಾರಿಗಳ ಕೈಮುಗಿದ ಚಿತ್ರಗಳು ಮಾತ್ರ ಒಂದು ಕೂದಲೂ ಕೊಂಕದೆ ಉಳಿದಿದ್ದವು.

ಯಜಮಾನರು ಬೈಯಲಿಲ್ಲ. “ದೇವರ ಫೋಲ್ಡರ್ ಎಲ್ಲಾ ಕಡೆ ಐತೆ, ಹೊಸದುರ್ಗದ ಅಂಗಡಿ ಯಾಕೆ ಅಂತಿದ್ದೆ. ಈಗ ಎಲ್ಲೂ ಇಲ್ಲ. ಈಗಂತೂ ಯಾಕೆ?” ಎಂದರು. ಲೆಕ್ಕ ಹೇಗೆ ಹಾಕಿದರೂ ಅವರ ಉತ್ತರ ಒಂದೇ ಬರುತ್ತಿತ್ತು. ತುಳಸಿ ಹಬ್ಬ ಕಳೆದರೆ ಮದುವೆಗಳು ಶುರು. ಅಷ್ಟರೊಳಗೆ ಹೊಸದುರ್ಗ ಮೊದಲಿನ ಹಾಗೆ ದೇವರು ಕೊಡುವಂತಾದರೆ ಸರಿ, ಇಲ್ಲದಿದ್ದರೆ ಬೀಗ.

ಅಚ್ಚಾದ ಡಿಸೈನುಗಳನ್ನು ಜಾಗ ತಿನ್ನುತ್ತವೆಂದು ಆಗಾಗ ಅಳಿಸಿಬಿಡುತ್ತಿದ್ದೆವು, ಹಾಗಾಗಿ ಅವುಗಳಿಂದಲೂ ದೇವರನ್ನು ತೆಗೆಯುವಂತಿರಲಿಲ್ಲ. ಗ್ರಾಹಕರನ್ನೇ ಮತ್ತೆ ಫೋಟೋ ಕೇಳಬಹುದಿತ್ತು, ಕೇಳಿದೆವು ಕೂಡ. ಕೆಲವರು ಮೊಬೈಲ್ ಬದಲಾಯಿಸಿದ್ದರು. ಕೆಲವು ಊರುಗಳಲ್ಲಿ ಗುಡಿಗೆ ಹೊಸ ಮೂರ್ತಿ ಬಂದಿತ್ತು. ಫ್ಲೆಕ್ಸಿಗೆ ಮಾತ್ರ ಹಳೆಯದೇ ಬೇಕೆಂದು ಹಿರಿಯರ ಹಠ. ಉಳಿದವರು “ನಿಮ್ ಕಂಪ್ಯೂಟರ್‌ನಾಗೇ ಐತಲ್ರಿ, ಹೋದ್ವರ್ಷ ಕೊಟ್ಟಿದ್ನಲ್ಲ” ಎಂದು ಫೋನಿಟ್ಟರು. ಅಕ್ಕ ನೆನಪಿನಿಂದಲೇ ಒಂದು ಕರಿಯಮ್ಮನನ್ನು ತಯಾರು ಮಾಡಿದರು. ಹೊಳಲ್ಕೆರೆ ಕಡೆಯ ಒಬ್ಬ ಹೆಣ್ಣಿನ ತಂದೆಗಾಗಿ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

“ಇದು ಪಕ್ಕದೂರಿನ ಅಮ್ಮ ಕಣ್ರಿ. ನಮ್ಮಮ್ಮ ಇಷ್ಟು ನಗಲ್ಲ.”

ಅಕ್ಕ ತುಟಿಯನ್ನು ಸ್ವಲ್ಪ ಇಳಿಸಿದರು. “ಈಗ ಸಿಟ್ಟಾಗವಳೆ,” ಎಂದರು ಅವರು, “ಸಿಟ್ಟಾದ ಅಮ್ಮನ್ನ ಮದುವೆಗೆ ಹಾಕಾಕಾಗುತ್ತೇನ್ರಿ?” ಆರ್ಡರ್ ಹೋಯಿತು.

ಆ ಸಂಜೆ ಅಕ್ಕ ಮರಿಗಳ ದೊಡ್ಡಿಯಿಂದಲೇ ನನಗೆ ಫೋನ್ ಮಾಡಿದರು. ಕೆಲಸ ಮುಗಿದ ಫ್ಲೆಕ್ಸನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಹುಲ್ಲಿನ ಬಣವೆಗೆ, ಬಚ್ಚಲ ಮನೆಗೆ, ಕುರಿದೊಡ್ಡಿಗೆ ಹೊದಿಕೆಯಾಗುತ್ತದೆ. ಅಕ್ಕನ ಮರಿಗಳ ತಲೆಯ ಮೇಲಿದ್ದದ್ದು ಅವರ ಮೈದುನನ ಮದುವೆ.

“ನೋಡ್ತಾ ಕುಂತಿದ್ದೆ ಕಣವ್ವ. ಗಂಡು ಹೆಣ್ಣು ಅವೆ, ಊಟದ ಟೈಮ್ ಸುದ್ದ ಐತೆ. ಮೇಲೆ ದೇವರಿದ್ದ ಜಾಗದಾಗೆ ಒಂದು ತೂತು. ನಾನೇ ಕೊಯ್ದಿದ್ದೆ. ಕುರಿ ಹಿಕ್ಕೆ ನಾತದಾಗೆ ದೇವರ ಮುಖ ಇರಬಾರ್ದು ಅಂತ.”

“ಕೊಯ್ದು ಏನು ಮಾಡಿದ್ರಿ?”

“ದೇವರ ಗೂಡಿನ ಹಿಂದೆ ಸಿಗಿಸೀನಿ. ಈಗ ತೆಗೆದು ನೋಡಿದೆ, ಒಂದು ಚೂರೂ ಬಣ್ಣ ಹೋಗಿಲ್ಲ. ನಾನೊಬ್ಳೇ ಕೊಯ್ದಿರ್ತೀನೇನು? ಭಾನುವಾರ ಬಾ. ಊರೂರು ಹೋಗಾಣ.”

ಅಕ್ಟೋಬರ್ 12ರ ಭಾನುವಾರ ನನ್ನ ಸ್ಕೂಟಿಯಲ್ಲಿ ಮತ್ತೋಡಿನ ಕಡೆ ಹೊರಟೆವು. ದಾರಿಯುದ್ದಕ್ಕೂ ನಮ್ಮ ಅಂಗಡಿಯ ಕೆಲಸವೇ. ಬಣವೆಗಳ ಮೇಲೆ ಮದುವೆಗಳು, ತಿಪ್ಪೆಯ ಮಗ್ಗುಲಲ್ಲಿ ನಾಮಕರಣಗಳು, ಎಲ್ಲದರ ನೆತ್ತಿಯಲ್ಲೂ ಅಂಗೈಯಗಲದ ಚೌಕ ತೂತು. ಒಂದು ದೊಡ್ಡಿಯ ಮೇಲೆ ಒಬ್ಬ ಪುಢಾರಿಯ ಹುಟ್ಟುಹಬ್ಬ ಪೂರ್ತಿಯಾಗಿಯೇ ಇತ್ತು. ಅವರ ಮುಖವನ್ನು ಕೊಯ್ದು ಕಾಪಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮೊದಲು ಹೊಕ್ಕ ಮನೆಯಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ನಮ್ಮ ಮಾತು ಕೇಳಿ ಒಳಗೆ ಕೂಗಿದರು: “ಲೇ, ಯಾರೋ ದೇವರ ಫೋಟೋ ತಗಂಡೋಗಾಕೆ ಬಂದವ್ರೆ. ವೋಟಿಂದೇನೋ ನೋಡು.”

“ವೋಟಿಂದಲ್ಲಜ್ಜಿ,” ಎಂದರು ಅಕ್ಕ, “ಫ್ಲೆಕ್ಸ್ ಅಂಗಡಿಯೋರು. ನಿಮ್ಮ ದೇವರ ಫೋಟೋ ನಮ್ಮತ್ರ ಇತ್ತು, ಕಳೀತು.”

“ದೇವರ್ನ ಕಳಕಂಡ್ರಾ! ಎಲ್ಲಿ ಇಟ್ಟಿದ್ರಿ?”

ಅಕ್ಕ ನನ್ನ ಕಡೆ ಕೈ ತೋರಿಸಿದರು. “ಈ ಹುಡುಗಿ ಮೋಡದಾಗೆ ಇಟ್ಟಿದ್ಲಂತೆ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಮ್ಮ ಸೀಮೆ ಮೋಡ ಯಾವತ್ತು ಏನನ್ನ ನಿಲ್ಲಿಸ್ಕಂಡೈತವ್ವ? ಬಾ, ಕಾಲು ತೊಳ್ಕ.”

ಕಾಲು ತೊಳೆದು, ದೀಪ ಹಚ್ಚುವವರೆಗೆ ಕಾದು, ಗೂಡಿನಿಂದ ಹೊರಬಂದ ಚೌಕ ತುಂಡಿಗೆ ಕೈಮುಗಿದು, ಆಮೇಲೆ ಫೋಟೋ ತೆಗೆದೆ. ಪ್ರತಿ ಮನೆಯಲ್ಲೂ ಇದೇ ಕ್ರಮ. ಒಂದು ಮನೆಯಲ್ಲಿ ದೇವರು ಟ್ರ್ಯಾಕ್ಟರಿನ ಗಾಜಿಗೆ ಅಂಟಿಕೊಂಡು ಹೊಲಕ್ಕೆ ಹೋಗಿದ್ದ, ಹಿಂದೆಯೇ ಹೋದೆವು. ಆ ದಿನದ ಲೆಕ್ಕ: ಮನೆಗಳು 23, ದೇವರುಗಳು 17, ಟೀ 19 ಲೋಟ, ಬೇಡವೆಂದು ತಪ್ಪಿಸಿಕೊಂಡದ್ದು 4. ಮುಂದಿನ ಭಾನುವಾರ ಹಿರೇಗುಂಟನೂರು ಸುತ್ತಿದೆವು. ಹಿರಿಯೂರಿನ ಅಣ್ಣನೂ ತಾವಾಗಿಯೇ ತಮ್ಮ ಕಡೆಯ ಹಟ್ಟಿಗಳನ್ನು ಸುತ್ತಿ ನಲವತ್ತಕ್ಕೂ ಹೆಚ್ಚು ತಂದರು. “ಕ್ಲೀನ್ ಮಾಡಿದೋನೇ ತರ್ಬೇಕಲ್ಲ ತಂಗಿ” ಎಂದರು. ಅವರ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಪ್ರವಾಸದ ಖುಷಿ ಹೆಚ್ಚಾಗಿತ್ತು.

ಹಾಲುರಾಮೇಶ್ವರದ ಗುಡಿಯ ಬಳಿ ಇನ್ನೊಂದು ಬಗೆ. ಮನೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲದವರು ದೇವರ ತುಂಡನ್ನು ತಂದು ಒಂದು ಮರದ ಬುಡದಲ್ಲಿ ಬಿಟ್ಟುಹೋಗುತ್ತಾರೆ. ಗಾಳಿಗೆ ಹಾರುವುದನ್ನು ಹತ್ತಿರದ ಹಣ್ಣುಕಾಯಿ ಅಂಗಡಿಯ ಹೆಂಗಸು ಆರಿಸಿ ಒಂದು ಚೀಲದಲ್ಲಿ ಇಟ್ಟಿದ್ದರು. “ತಗಂಡೋಗ್ರಿ ಪುಣ್ಯ ಬರ್ತೈತೆ. ದಿನಾ ನಂದು ಇದೇ ಕೆಲ್ಸ ಆಗೈತೆ” ಎಂದರು. ಮೂವತ್ತು ತುಂಡುಗಳು. ಹತ್ತೊಂಬತ್ತನ್ನು ಅಕ್ಕ ಗುರುತು ಹಿಡಿದರು. ಅದರಲ್ಲೂ ಎರಡು ಆಮೇಲೆ ತಪ್ಪೆಂದು ಗೊತ್ತಾಯಿತು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಜನ ತಾವೇ ದೇವರ ತುಂಡನ್ನು ವಲ್ಲಿಯಲ್ಲಿ ಸುತ್ತಿಕೊಂಡು ಹೊಸದುರ್ಗದ ಅಂಗಡಿಗೆ ಬರತೊಡಗಿದರು. ಬಂದವರು ಹಾಗೆಯೇ ಮಗನ ಮದುವೆ ಫ್ಲೆಕ್ಸನ್ನೂ ಹೇಳಿ ಹೋಗುತ್ತಿದ್ದರು. ತುಳಸಿ ಹಬ್ಬಕ್ಕೆ ಇನ್ನೂ ಮೂರು ದಿನ ಇರುವಾಗ ಅಕ್ಕ, ಮರಿಗಳನ್ನು ಓರಗಿತ್ತಿಗೆ ಒಪ್ಪಿಸಿ, ಮೊದಲ ಬಾರಿಗೆ ದುರ್ಗದ ಅಂಗಡಿಗೆ ಬಂದು ಯಜಮಾನರ ಎದುರು ಕೂತರು.

“ನೂರಾ ನಲವತ್ತು ಬಂದವೆ. ಉಳಿದವೂ ಬರ್ತವೆ. ಆದ್ರೆ ಮೊದಲಿನಂಗೆ ಆಗಲ್ರಿ. ದರ್ಶನ ನಾಕೂ ಊರಿಗೂ ಐತೆ. ಗರ್ಭಗುಡಿ ಒಳಗೆ ಕಾಲಿಡೋದು ನಾನೊಬ್ಳೇ.”

ಯಜಮಾನರು ನನ್ನ ಕಡೆ ತಿರುಗಿದರು. “ಅಂಥದ್ದು ಮಾಡಾಕೆ ಬರ್ತೈತೇನಮ್ಮ?”

“ಬರುತ್ತೆ ಸಾರ್. ಹೊಸದುರ್ಗದಿಂದ ಮೇಲಕ್ಕೆ ಹೋಗುತ್ತೆ, ಬೇರೆ ಮೂರು ಕಡೆ ಬರೀ ಇಳಿಯುತ್ತೆ. ಆ ಮೂರು ಕಡೆ ಅಳಿಸಿದ್ರೂ ಹೊಸದುರ್ಗದಲ್ಲಿ ಏನೂ ಆಗಲ್ಲ.”

“ಮೊದಲೇ ಯಾಕೆ ಹಂಗೆ ಮಾಡ್ಲಿಲ್ಲ?”

“ಎಲ್ಲಾರಿಗೂ ಎಲ್ಲಾ ಇರ್ಬೇಕು ಅಂದಿದ್ರಿ ಸಾರ್.”

ಯಜಮಾನರು ಎದ್ದು ಫ್ಯಾನ್ ಜೋರು ಮಾಡಿದರು. “ಹಂಗಾದ್ರೆ ಹೊಸದುರ್ಗದ ಅಂಗಡಿ ಇರ್ಲೇಬೇಕು ಅನ್ನು.”

“ಗುಡೀನೇ ಮುಚ್ಚಿದ್ರೆ ದರ್ಶನ ಎಲ್ಲಿಂದ ಬರ್ತೈತ್ರಿ?” ಎಂದರು ಅಕ್ಕ.

ಅಕ್ಕನ ಕಂಪ್ಯೂಟರನ್ನು ಹಾಗೇ ಎತ್ತಿ ತಂದು ದುರ್ಗದಲ್ಲಿಟ್ಟರೂ ಈ ಜೋಡಣೆ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಯಜಮಾನರು ಅದನ್ನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಅಭ್ಯಾಸವಲ್ಲ. ಅಂದೇ ಮಧ್ಯಾಹ್ನ ಹೊಸ ನಿಯಮ ಹಾಕಿದೆ. ಸಂಜೆ ಆರರ ನಿಯಮವನ್ನು ತೆಗೆದೆ. ಅಕ್ಕ ಮರಿಗಳ ಹೊತ್ತಿಗೆ ಮನೆ ಸೇರಬೇಕೆಂದು ನಾಲ್ಕರ ಬಸ್ಸು ಹಿಡಿದರು. ಹೊಸದುರ್ಗದ ಅಂಗಡಿ ಇವತ್ತಿಗೂ ತೆರೆದಿದೆ.

ಇವತ್ತು ಬೆಳಿಗ್ಗೆಯ ಲೆಕ್ಕಕ್ಕೆ 214ರಲ್ಲಿ 168 ದೇವರುಗಳು ಫೋಲ್ಡರಿಗೆ ಮರಳಿವೆ. ಈ ಲೆಕ್ಕಕ್ಕೆ ಸೇರದ, ಯಾರ ಮನೆಯವರೆಂದು ಗೊತ್ತಾಗದ ಹದಿಮೂರು ತುಂಡುಗಳು ಅಕ್ಕನ ಮೇಜಿನ ಮೇಲಿವೆ. ಒಂದು ಬೆಳ್ಳಿ ಮೀಸೆಯ ದೇವರು, ಕೊರಳಲ್ಲಿ ನಿಂಬೆಹಣ್ಣಿನ ಹಾರ, ಎಡ ಅಂಚಿನಲ್ಲಿ ಯಾರದೋ ಹಸಿರು ಸೀರೆಯ ಸೆರಗು. ಒಂದು ಜೋಡಿ ಅಮ್ಮಂದಿರು, ಇಬ್ಬರಿಗೂ ಸೇರಿ ಒಂದೇ ಛತ್ರಿ. ಇನ್ನೊಂದರಲ್ಲಿ ಕುಡುಗೋಲು ಅಡ್ಡ ಹೋಗಿ ಕುದುರೆ ಮಾತ್ರ ಉಳಿದಿದೆ, ಸವಾರ ಇಲ್ಲ. ಇವು ಯಾವ ಊರಿನವು, ಯಾರ ಮನೆಯವು ಎಂದು ಗೊತ್ತಿದ್ದವರು, ಅಥವಾ ಕುದುರೆಯ ಮೇಲಿನ ಉಳಿದರ್ಧ ಯಾರ ಗೂಡಿನಲ್ಲಾದರೂ ಇದ್ದರೆ ಅವರು, ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಊರಿನ ಹೆಸರಿನ ಜೊತೆಗೆ ದೇವರು ನಗುತ್ತಾರೋ ಇಲ್ಲವೋ ಎಂಬುದನ್ನೂ ಬರೆಯಿರಿ.